ಬಯೋಡೇಟಾಕ್ಕೆ ದುಡ್ಡು ಸುರಿಯಬೇಕೇ?

ಗಲ್ಫ್ ಕೆಲಸಕ್ಕೆ ಹೊರಟ ನಮ್ಮ ಹುಡುಗರು ಬಯೋಡೇಟಾಕ್ಕೆಂದು ಮೊದಲು ಓಡುವುದು ಸೈಬರ್ ಸೆಂಟರ್‌ಗೆ. ಕೆಲವು ಕಡೆ ಯಾರದ್ದೋ ಹಳೇ ಫೈಲಿನಲ್ಲಿ ಹೆಸರು ಬದಲಿಸಿ ಪ್ರಿಂಟ್ ಕೊಡ್ತಾರೆ. ಎಸಿ ಮೆಕ್ಯಾನಿಕ್‌ನ ಹಾಳೆಯಲ್ಲಿ ಅಕೌಂಟೆಂಟ್‌ನ ಕೆಲಸ ಉಳಿದುಬಿಟ್ಟರೆ ಇಂಟರ್‌ವ್ಯೂನಲ್ಲಿ ಉತ್ತರ ಹೇಳುವವರು ಯಾರು?

ಮೊದಲು ಮನೆಯಲ್ಲೇ ಕೂತು ಕನ್ನಡದಲ್ಲಾದರೂ ಬರೆಯಿರಿ: ಎಲ್ಲಿ, ಎಷ್ಟು ವರ್ಷ, ಯಾವ ಮೆಷಿನ್, ಯಾವ ಲೈಸೆನ್ಸ್. ಮಾವನ ಅಂಗಡಿಯಲ್ಲಿ ಲೆಕ್ಕ ನೋಡಿದ್ದೂ ಅನುಭವವೇ; ನಮ್ಮವರು ಬಿಡುವುದೇ ಅದನ್ನು. ಗೂಗಲ್ ಡಾಕ್ಸ್‌ನಲ್ಲಿ ಮಾದರಿಗಳು ಪುಕ್ಕಟೆ ಸಿಗುತ್ತವೆ. ಇಂಗ್ಲಿಷ್ ತಿದ್ದಲು ಜಮಾಅತ್‌ನಲ್ಲೇ ಡಿಗ್ರಿ ಓದುವ ಹೆಣ್ಮಕ್ಕಳಿದ್ದಾರೆ, ಕೇಳಲು ನಾಚಿಕೆ ಯಾಕೆ? ಊರಲ್ಲೇ ಕೆಲಸ ಹುಡುಕುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಇದೆ, ನೋಂದಣಿಗೆ ದುಡ್ಡಿಲ್ಲ.

ಟೈಪ್ ಮಾಡಿಸಿದರೂ ಪ್ರಿಂಟ್ ಮಾತ್ರ ತರಬೇಡಿ. ವರ್ಡ್ ಫೈಲನ್ನೂ ವಾಟ್ಸಾಪ್‌ಗೆ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಫೋನ್ ನಂಬರ್ ಬದಲಾದಾಗ ಮತ್ತೆ ದುಡ್ಡು ಕೊಡಬೇಕಾಗ್ತದೆ.