ನಿಮ್ಮ ಡಿಜಿಟಲ್ ಕಾರ್ಡ್ ಯಾರ ಕೈಯಲ್ಲಿದೆ?

ಕಾಗದದ ವಿಸಿಟಿಂಗ್ ಕಾರ್ಡಿಗೆ ಒಂದು ಗುಣ ಇತ್ತು. ನೀವು ಅದನ್ನು ಯಾರಿಗೆ ಕೊಟ್ಟಿರಿ, ಅವರು ಎಷ್ಟು ಸಲ ತೆಗೆದು ನೋಡಿದರು, ಯಾವ ಊರಲ್ಲಿ ನಿಂತು ನೋಡಿದರು ಅನ್ನೋದು ಅಚ್ಚು ಹಾಕಿಕೊಟ್ಟ ಪ್ರೆಸ್ಸಿನವರಿಗೆ ಗೊತ್ತಾಗುತ್ತಿರಲಿಲ್ಲ. ಈಗ ಮಾರಾಟಕ್ಕಿರುವ ಬಹಳಷ್ಟು ಡಿಜಿಟಲ್ ಕಾರ್ಡುಗಳಲ್ಲಿ ಅದೆಲ್ಲ ಗೊತ್ತಾಗುತ್ತದೆ. ಜಾಹೀರಾತಿನಲ್ಲಿ ಇದನ್ನೇ ಸೌಲಭ್ಯ ಅಂತ ಹೇಳಿಕೊಳ್ಳುತ್ತಾರೆ ಕೂಡ.

ಬೆಳಕೆಯಿಂದ ಭಟ್ಕಳ, ಹೊನ್ನಾವರ, ಕುಮಟಾ ತನಕ ಹೆದ್ದಾರಿ 66ರ ಉದ್ದಕ್ಕೂ ಇಂಥ ಕಾರ್ಡಿನ ಅಗತ್ಯ ಇರುವವರು ಬೇಕಾದಷ್ಟು ಜನ. ಮುರ್ಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಕರೆದುಕೊಂಡು ಹೋಗುವವರು, ಶರಾವತಿಯಲ್ಲಿ ಪ್ರವಾಸಿಗರಿಗೆ ದೋಣಿ ಓಡಿಸುವವರು, ಮನೆಯ ಎರಡು ಕೋಣೆಯನ್ನು ಹೋಮ್‌ಸ್ಟೇ ಮಾಡಿದವರು, ದುಬೈಗೂ ಭಟ್ಕಳಕ್ಕೂ ಓಡಾಡುವ ವ್ಯಾಪಾರಸ್ಥರು, ಸಂಘಟನೆಯ ಕೆಲಸಕ್ಕೆ ತಿರುಗುವ ಹುಡುಗ ಹುಡುಗಿಯರು. "ಯಾವ್ದು ತಗೊಳ್ಳೋದು ಮಾರಾಯ?" ಅಂತ ಕೇಳಿದವರಿಗೆ ನಾನು ಮೊದಲು ಹೇಳೋದು ಬೆಲೆಯನ್ನಲ್ಲ, ಒಂದು ಪರೀಕ್ಷೆಯನ್ನು.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಕಾರ್ಡಿನ ಕ್ಯೂಆರ್ ಕೋಡನ್ನು ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿ. ಹೆಸರು, ನಂಬರ್ ಕಂಡು 'ಸೇವ್ ಮಾಡಲೇ?' ಅಂತ ಫೋನ್ ಕೇಳಿದರೆ, ನಿಮ್ಮ ವಿವರ ಆ ಕಪ್ಪು-ಬಿಳಿ ಚೌಕದೊಳಗೇ ಇದೆ. ಅದರ ಬದಲು ಯಾವುದೋ ವೆಬ್‌ಸೈಟಿನ ಲಿಂಕ್ ಮಾತ್ರ ಕಂಡರೆ, ನಿಮಗೂ ನಿಮ್ಮೆದುರು ನಿಂತವರಿಗೂ ನಡುವೆ ಒಂದು ಕಂಪನಿ ಕೂತಿದೆ. ಮೊದಲನೆಯದನ್ನು ಸ್ಟ್ಯಾಟಿಕ್ ಕೋಡ್ ಅನ್ನುತ್ತಾರೆ, ಎರಡನೆಯದನ್ನು ಡೈನಾಮಿಕ್ ಅಂತ. ಹೆಸರು ಕೇಳಿದರೆ ಎರಡನೆಯದೇ ಚುರುಕು ಅನ್ನಿಸುತ್ತದೆ. ಹೆಸರಿಟ್ಟವರು ಬುದ್ಧಿವಂತರು.

ಸ್ಟ್ಯಾಟಿಕ್ ಕೋಡಿನಲ್ಲಿ ವಿವರಗಳು ವಿಕಾರ್ಡ್ ಎಂಬ ಮಾದರಿಯಲ್ಲಿ ಇರುತ್ತವೆ. ಇದು 1990ರ ದಶಕದಿಂದ ಇರುವ ಮುಕ್ತ ಮಾದರಿ, ಯಾವ ಫೋನಾದರೂ ಓದುತ್ತದೆ. ಕ್ಯೂಆರ್ ಕೋಡ್ ಕೂಡ ಅಂಥದ್ದೇ. ಜಪಾನಿನ ಡೆನ್ಸೊ ಕಂಪನಿಯವರು 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡೋಕೆ ಅಂತ ಮಾಡಿದ್ದು. ಪೇಟೆಂಟ್ ಇದ್ದರೂ ಬಳಸುವವರನ್ನು ತಡೆಯಲಿಲ್ಲ. ಅಂದರೆ ಪುಕ್ಕಟೆ ಸಿಗುವ ಎರಡು ಸಾಮಾನು ಜೋಡಿಸಿದರೆ ನಿಮ್ಮ ಕಾರ್ಡ್ ತಯಾರು. ಸ್ಯಾಮ್‌ಸಂಗ್ ಫೋನಿನ ಕಾಂಟ್ಯಾಕ್ಟ್ಸ್‌ನಲ್ಲಿ ನಿಮ್ಮ ಹೆಸರು ತೆರೆದರೆ ಕ್ಯೂಆರ್ ಆಯ್ಕೆ ಅಲ್ಲೇ ಇದೆ. ಘಟ್ಟದ ಬುಡದ ಹಳ್ಳಿಗಳಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತುವ ನಮ್ಮ ಕಡೆಯವರಿಗೆ, ಇಂಟರ್ನೆಟ್ ಇಲ್ಲದೆ ಕೆಲಸ ಮಾಡುವುದು ಸಣ್ಣ ಲಾಭ ಏನಲ್ಲ.

ಡೈನಾಮಿಕ್ ಕಾರ್ಡಿನ ಪರವಾಗಿ ಒಂದು ನ್ಯಾಯವಾದ ಮಾತಿದೆ. ನಂಬರ್ ಬದಲಾದರೂ ಕಾರ್ಡ್ ಬದಲಾಯಿಸಬೇಕಿಲ್ಲ. ಇವತ್ತು ಇಲ್ಲಿನ ಸಿಮ್, ನಾಳೆ ದುಬೈ ಸಿಮ್ ಅನ್ನುವವರಿಗೆ ಇದು ನಿಜಕ್ಕೂ ಬೇಕು. ಆದರೆ ಚಂದಾ ಕಟ್ಟುವುದು ನಿಲ್ಲಿಸಿದ ದಿನ, ಹಂಚಿದ ಕಾರ್ಡುಗಳೆಲ್ಲ ಒಟ್ಟಿಗೇ ಸತ್ತುಹೋಗಬಹುದು. ಕಂಪನಿಯೇ ಮುಚ್ಚಿದರೂ ಅಷ್ಟೇ. ಎರಡು ಫೋನ್ ಕುಟ್ಟಿದರೆ ನಂಬರ್ ದಾಟುವ ಬಂಪ್ ಎಂಬ ಆ್ಯಪ್ 2009ರಲ್ಲಿ ಬಂದು ಜಗತ್ತೆಲ್ಲ ಹೆಸರು ಮಾಡಿತ್ತು. 2013ರಲ್ಲಿ ಗೂಗಲ್ ಅದನ್ನು ಕೊಂಡಿತು, 2014ರ ಜನವರಿಯಲ್ಲಿ ಮುಚ್ಚಿತು. ನಮ್ಮ ಬೆಂಗಳೂರಿನದೇ ಆದ ಕೂ 2024ರ ಜುಲೈನಲ್ಲಿ ಬಾಗಿಲು ಹಾಕಿದ್ದು ನಿಮಗೆ ನೆನಪಿರಬಹುದು. ಅಲ್ಲಿನ ವಿಳಾಸವನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿದವರಿಗೆ ಉಳಿದದ್ದು ಶಾಯಿ ಮಾತ್ರ. ಲಿಂಕ್ ಬೇಕೇ ಬೇಕು ಅಂದರೆ ವರ್ಷಕ್ಕೆ ಕೆಲವು ನೂರು ರೂಪಾಯಿ ಕೊಟ್ಟು ಸ್ವಂತ ಡೊಮೈನ್ ತೆಗೆದುಕೊಂಡು, ಕೋಡಿನಲ್ಲಿ ಅದನ್ನೇ ಹಾಕಿಸಿ. ಹಿಂದಿನ ಸೇವೆ ಬದಲಾದರೂ ವಿಳಾಸ ನಿಮ್ಮದೇ.

ತಾಗಿಸಿದರೆ ತೆರೆಯುವ ಎನ್‌ಎಫ್‌ಸಿ ಕಾರ್ಡುಗಳ ಶೋಕಿಯೂ ಈಗ ಜೋರು. ಅಗ್ಗದ ಕಾರ್ಡುಗಳಲ್ಲಿ ಹೆಚ್ಚಾಗಿ ಕಾಣುವ ಎನ್‌ಟ್ಯಾಗ್ 213 ಚಿಪ್ಪಿನಲ್ಲಿ ಬರೆಯಲು ಇರುವುದು 144 ಬೈಟ್ ಜಾಗ. ಪೂರ್ತಿ ವಿಳಾಸ ಹಿಡಿಸದ ಕಾರಣ ಅದರೊಳಗೂ ಲಿಂಕನ್ನೇ ತುಂಬಿರುತ್ತಾರೆ. ಕಡಿಮೆ ಬೆಲೆಯ ಅನೇಕ ಫೋನುಗಳಲ್ಲಿ ಎನ್‌ಎಫ್‌ಸಿಯೇ ಇಲ್ಲ. ತೆಗೆದುಕೊಳ್ಳಲೇಬೇಕಿದ್ದರೆ ಚಿಪ್ಪನ್ನು ಮತ್ತೆ ಬರೆಯೋಕಾಗುತ್ತಾ, ಲಾಕ್ ಮಾಡಿದ್ದಾರಾ ಅಂತ ಕೇಳಿ.

ಈಗ ಜಾಸ್ತಿ ತಲೆಕೆಡಿಸಿಕೊಳ್ಳಬೇಕಾದ ವಿಷಯಕ್ಕೆ ಬರೋಣ. ಕಾರ್ಡ್ ಕೊಟ್ಟ ಮೇಲೆ ಹಲವು ಆ್ಯಪ್‌ಗಳು ಎದುರಿನವರ ಹೆಸರು, ನಂಬರ್, ಇಮೇಲ್ ಕೂಡ ಕೇಳುತ್ತವೆ. ಅವರು ತುಂಬಿದ್ದು ಕಂಪನಿಯ ಸರ್ವರಿಗೆ ಹೋಗುತ್ತದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅಂಥ ಕಡೆ ಸಂಘಟಕರೊಬ್ಬರು ಇಂಥ ಕಾರ್ಡ್ ಹಂಚಿದರು ಅಂದುಕೊಳ್ಳಿ. ಯಾರು, ಯಾವ ದಿನ, ಯಾರ ಜೊತೆ ಮಾತಾಡಿದರು ಅನ್ನುವ ಪಟ್ಟಿ ಅವರಿಗೇ ಅರಿವಿಲ್ಲದೆ ತಯಾರಾಗಿಬಿಡುತ್ತದೆ. ನಮ್ಮ ಮಾಹಿತಿಗೆ ನಾವೇ ಒಪ್ಪಿಗೆ ಕೊಟ್ಟೆವು, ಸರಿ. ಅವರ ಮಾಹಿತಿಯ ಹೊಣೆ ಯಾರದು?

ಕಾನೂನು ಇದೆಯಲ್ಲ ಅನ್ನಬಹುದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದ್ದು 2023ರಲ್ಲಿ, ಅದರ ನಿಯಮಗಳು ಅಧಿಸೂಚನೆಯಾಗಿದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ ಮತ್ತೆ 18 ತಿಂಗಳ ಕಾಲಾವಕಾಶ. ಅದಕ್ಕಿಂತ ಮುಖ್ಯ, ನೀವೇ ಸಾರ್ವಜನಿಕವಾಗಿ ಇಟ್ಟ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಯಾರು ಬೇಕಾದರೂ ತೆರೆಯಬಹುದಾದ ಕಾರ್ಡ್ ಪುಟದಲ್ಲಿ ನಂಬರ್ ಹಾಕಿದಿರಿ ಅಂದರೆ ಆ ರಕ್ಷಣೆಯನ್ನು ನೀವಾಗಿಯೇ ಬಿಟ್ಟುಕೊಟ್ಟ ಹಾಗೆ ಆಗಬಹುದು. ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನೂ ಕೇಂದ್ರ ಸರ್ಕಾರ ಇದರಲ್ಲೇ ಇಟ್ಟುಕೊಂಡಿದೆ. ಇದೇ ಕಾಯ್ದೆಯ 44(3)ನೇ ಕಲಂ ಆರ್‌ಟಿಐಯ 8(1)(ಜೆ)ಯನ್ನು ತಿದ್ದಿ, ವೈಯಕ್ತಿಕ ಮಾಹಿತಿ ಅನ್ನುವ ನೆಪದಲ್ಲಿ ಉತ್ತರ ನಿರಾಕರಿಸುವುದನ್ನು ಸುಲಭ ಮಾಡಿತು. ಅಧಿಕಾರಿಗೆ ಸಿಕ್ಕ ಪರದೆ ದೋಣಿಯವನಿಗೆ ಸಿಗಲಿಲ್ಲ.

ಹಾಗಾಗಿ ನನ್ನ ಆಯ್ಕೆ ಸ್ಟ್ಯಾಟಿಕ್ ಕೋಡ್, ಅದರಲ್ಲಿ ಕೆಲಸಕ್ಕೆಂದೇ ಇಟ್ಟ ಪ್ರತ್ಯೇಕ ನಂಬರ್. ಬ್ಯಾಂಕ್, ಆಧಾರ್, ಯುಪಿಐಗೆ ಜೋಡಿಸಿದ ನಂಬರನ್ನು ಯಾವ ಕಾರ್ಡಿಗೂ ಹಾಕಬೇಡಿ. ಹೆಣ್ಣುಮಕ್ಕಳಿಗೆ ಇದನ್ನು ಎರಡು ಸಲ ಹೇಳುತ್ತೇನೆ, ಯಾಕೆಂದರೆ ಒಮ್ಮೆ ಕೊಟ್ಟ ನಂಬರನ್ನು ಯಾವ ತಂತ್ರಜ್ಞಾನವೂ ವಾಪಸ್ ತರಲ್ಲ. ವಾಟ್ಸ್‌ಆ್ಯಪ್‌ನ ಕ್ಯೂಆರ್ ಕೋಡನ್ನು ರೀಸೆಟ್ ಮಾಡಿ ಹಳೆಯದನ್ನು ರದ್ದು ಮಾಡಬಹುದು, ಆದರೆ ಅಷ್ಟರೊಳಗೆ ಸೇವ್ ಮಾಡಿಕೊಂಡವರ ಬಳಿ ನಂಬರ್ ಇದ್ದೇ ಇರುತ್ತದೆ.

ಹೆಸರನ್ನು ಕನ್ನಡದಲ್ಲೇ ಹಾಕಿ. 'ಭಟ್ಕಳ' ಅಂತ ಕನ್ನಡದಲ್ಲಿ ಬರೆದರೆ 15 ಬೈಟ್ ಬೇಕು, ಇಂಗ್ಲಿಷಿನಲ್ಲಾದರೆ 7 ಸಾಕು. ಅದಕ್ಕೇ ಕನ್ನಡದ ಕೋಡಿನಲ್ಲಿ ಚುಕ್ಕಿಗಳು ಹೆಚ್ಚು ಒತ್ತೊತ್ತಾಗಿರುತ್ತವೆ. ಫೋಟೊ, ಐದಾರು ಸಾಲಿನ ವಿಳಾಸ, ಬಿರುದುಗಳನ್ನೆಲ್ಲ ಬಿಟ್ಟು ಹೆಸರು, ಊರು, ಕೆಲಸ, ನಂಬರ್ ಇಷ್ಟೇ ಇಟ್ಟರೆ ಹಳೆಯ ಫೋನಿನ ಕ್ಯಾಮೆರಾ ಕೂಡ ಓದುತ್ತದೆ. ಅಚ್ಚು ಹಾಕಿಸುವುದಾದರೆ ಕೋಡನ್ನು ಸ್ವಲ್ಪ ದೊಡ್ಡದಾಗೇ ಹಾಕಿಸಿ, ಸುತ್ತ ಬಿಳಿ ಅಂಚು ಬಿಡಿಸಿ. ದೋಣಿಯಲ್ಲಿ ಅಂಟಿಸುವವರು ಲ್ಯಾಮಿನೇಷನ್ ಮರೆಯಬೇಡಿ, ಉಪ್ಪುನೀರು ಒಂದು ಮಳೆಗಾಲವನ್ನೂ ಕಾಯಲ್ಲ.