ನಿಮಗಿದು ಗೊತ್ತೆ? ದಿಂಬಂ ಘಾಟಿಯಲ್ಲಿ ಬೈಕ್ ಎಷ್ಟು ಪೆಟ್ರೋಲ್ ಕುಡಿಯುತ್ತದೆ?

● ಈರೋಡ್ ಜಿಲ್ಲೆಯಲ್ಲಿದ್ದರೂ ಕನ್ನಡವೇ ಮನೆಮಾತಾಗಿರುವ ತಾಳವಾಡಿ ಬೆಟ್ಟದ ಮೇಲಿನ ಸೀಮೆ. ಸತ್ಯಮಂಗಲದಿಂದ ಬಣ್ಣಾರಿ ದಾಟಿ ಬರುವ ಬೈಕ್ ಸವಾರರು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಏರಬೇಕು. ಚಾಮರಾಜನಗರದ ಕಡೆಯಿಂದ ಬಂದರೆ ಇಂಥ ಘಾಟಿ ಇಲ್ಲ.

● ಇಬ್ಬರು ಸವಾರರೂ ಸೇರಿ 250 ಕೆ.ಜಿ. ತೂಗುವ ಬೈಕ್ 100 ಮೀಟರ್ ಎತ್ತರ ಏರಲು, ಸಮತಟ್ಟು ರಸ್ತೆಯ ಖರ್ಚಿನ ಮೇಲೆ ಸುಮಾರು 30ರಿಂದ 40 ಮಿ.ಲೀ. ಹೆಚ್ಚುವರಿ ಪೆಟ್ರೋಲ್ ಬೇಕು. ಪೆಟ್ರೋಲಿನ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿದ್ದು ಬಿಸಿಯಾಗಿ, ಹೊಗೆಯಾಗಿ ಹೋಗುವುದೇ ಇದಕ್ಕೆ ಕಾರಣ.

● ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಂಬುದು ತಪ್ಪು. ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ, ಫ್ಯುಯೆಲ್ ಇಂಜೆಕ್ಷನ್ ಇರುವ ಬೈಕುಗಳಲ್ಲಿ ಸಾಮಾನ್ಯವಾಗಿ ಪೆಟ್ರೋಲ್ ಸಿಂಪಡಣೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಪೆಟ್ರೋಲ್ ಬೇಕೇ ಬೇಕು. ಮೇಲಾಗಿ ಎಂಜಿನ್ನಿನ ಹಿಡಿತ ತಪ್ಪಿ, ಬ್ರೇಕ್ ಕಾದು ಅಪಾಯ.

● ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಶೇ 20 ಎಥೆನಾಲ್ ಬೆರೆತ ಇ20ಯಲ್ಲಿ ಲೀಟರಿಗೆ ಶೇ 6–7ರಷ್ಟು ಶಕ್ತಿ ಕಡಿಮೆ ಇರುತ್ತದೆ.

● ನಿಜವಾದ ಮೈಲೇಜ್ ತಿಳಿಯಬೇಕೆ? ಟ್ಯಾಂಕ್ ಭರ್ತಿ ಮಾಡಿಸಿ ಮೀಟರ್ ಬರೆದಿಡಿ. ಮತ್ತೆ ಭರ್ತಿ ಮಾಡಿಸಿದಾಗ, ಓಡಿದ ಕಿ.ಮೀ.ಯನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಲೀಟರಿಗೆ 50 ಕಿ.ಮೀ. ಬಂದರೆ, 10 ಲೀಟರ್ ಟ್ಯಾಂಕಿನಲ್ಲಿ 1 ಲೀಟರ್ ರಿಸರ್ವ್ ಬಿಟ್ಟು 450 ಕಿ.ಮೀ. ಓಡಬಹುದು.