ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದಿದ್ದರೂ

ಮಂಡಿಕಲ್ ಹೋಬಳಿಯ ಯಾವುದೋ ಹಳ್ಳಿಯಲ್ಲಿ ಹದಿನಾಲ್ಕು ವರ್ಷದ, ಸ್ವಲ್ಪ ದಪ್ಪಗಿರುವ ಹುಡುಗನೊಬ್ಬನಿಗೆ ಸುಸ್ತು ಎಂದಿಟ್ಟುಕೊಳ್ಳಿ. ಚಿಕ್ಕಬಳ್ಳಾಪುರಕ್ಕೆ ಹೋಗಿ ರಕ್ತ ಕೊಟ್ಟು ಬಂದರೆ ಸಂಜೆಗೆ ರಿಪೋರ್ಟ್ ಸಿಗುತ್ತದೆ. ಎಸ್‌ಜಿಪಿಟಿ 38. ಪಕ್ಕದಲ್ಲಿ ‘40ರೊಳಗೆ’ ಎಂದು ಅಚ್ಚಾಗಿದೆ. ಸದ್ಯ, ಕಾಮಾಲೆ ಇಲ್ಲವಲ್ಲ ಎಂದು ಮನೆಯವರು ನಿರಾಳವಾಗಿ ಕಾಗದ ಮಡಚಿಡುತ್ತಾರೆ. ನನ್ನ ತಕರಾರು ಆ ಮಡಚಿಡುವುದರ ಬಗ್ಗೆ.

ಎಸ್‌ಜಿಪಿಟಿ ರೋಗದ ಹೆಸರಲ್ಲ. ಯಕೃತ್ತಿನ ಜೀವಕೋಶಗಳೊಳಗೆ ದುಡಿಯುವ ಕಿಣ್ವ ಅದು. ಎಎಲ್‌ಟಿ ಎಂದರೂ ಅದೇ. ಅಲನೀನ್ ಎಂಬ ಅಮೈನೋ ಆಮ್ಲದಿಂದ ಅಮೈನೋ ಗುಂಪನ್ನು ಬಿಡಿಸಿ ಬೇರೊಂದು ಅಣುವಿಗೆ ದಾಟಿಸುವುದು ಅದರ ಕೆಲಸ. ಹಾಗೆ ಬಿಡಿಸಿದಾಗ ಉಳಿಯುವ ಪೈರುವೇಟ್‌ನಿಂದ ಯಕೃತ್ತು ಸಕ್ಕರೆ ತಯಾರಿಸಬಲ್ಲದು. ರಾತ್ರಿಯಿಡೀ ಏನೂ ತಿನ್ನದೆ ಮಲಗಿದ್ದರೂ ರಕ್ತದ ಸಕ್ಕರೆ ಕುಸಿಯದಿರಲು ಇದೂ ಒಂದು ಕಾರಣ. ಅಡುಗೆಮನೆಯ ಪಾತ್ರೆ ಬೀದಿಯಲ್ಲಿ ಬಿದ್ದಿದ್ದರೆ ನಾವು ಮನೆಯ ಕಡೆ ತಿರುಗಿ ನೋಡುವುದಿಲ್ಲವೇ? ಈ ಕಿಣ್ವ ರಕ್ತದಲ್ಲಿ ಹೆಚ್ಚಾಗಿ ಸಿಕ್ಕರೆ ವೈದ್ಯರು ಯಕೃತ್ತಿನ ಕಡೆ ನೋಡುವುದೂ ಹಾಗೆಯೇ.

ಇದರ ಜೊತೆಗಾರ ಎಸ್‌ಜಿಒಟಿ ಮೊದಲು ಹೆಸರು ಮಾಡಿದ್ದು ಹೃದಯದ ವಿಚಾರದಲ್ಲಿ. ಹೃದಯಾಘಾತವಾದವರ ರಕ್ತದಲ್ಲಿ ಅದು ಏರುತ್ತದೆಂದು 1954ರಲ್ಲಿ ನ್ಯೂಯಾರ್ಕ್‌ನ ಲಾಡ್ಯೂ, ರೋಬ್ಲೆವ್‌ಸ್ಕಿ ಮತ್ತು ಕಾರ್ಮೆನ್ ತೋರಿಸಿದರು. ಇಂದು ನಾವು ಮಕ್ಕಳಲ್ಲಿ ನೋಡಬೇಕಾದ ನಂಟು ಬೇರೆ. ಕಿಣ್ವ ಹೃದಯವನ್ನು ಕೆಡಿಸುವುದಿಲ್ಲ. ಕೆಡಿಸುವುದು ಯಕೃತ್ತಿನಲ್ಲಿ ಸೇರುವ ಕೊಬ್ಬು ಮತ್ತು ಅದರ ಹಿಂದಿರುವ ಇನ್ಸುಲಿನ್ ಪ್ರತಿರೋಧ. ಕೂಲ್‌ಡ್ರಿಂಕ್ಸ್, ಬೇಕರಿ ತಿನಿಸುಗಳ ಸಕ್ಕರೆಯಲ್ಲಿ ಅರ್ಧ ಪಾಲು ಫ್ರಕ್ಟೋಸ್. ಅದರಲ್ಲಿ ಬಹುಪಾಲನ್ನು ನಿಭಾಯಿಸುವುದು ಯಕೃತ್ತೇ. ಮಿತಿ ಮೀರಿದ್ದನ್ನು ಕೊಬ್ಬಾಗಿಸುತ್ತದೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ ‘ಸಾಕು’ ಎಂದರೂ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ, ಜೊತೆಗೆ ಟ್ರೈಗ್ಲಿಸರೈಡನ್ನೂ. ಮುಂದೆ ಸಕ್ಕರೆ ಕಾಯಿಲೆಗೂ ರಕ್ತನಾಳ ಕಟ್ಟಿಕೊಳ್ಳುವುದಕ್ಕೂ ದಾರಿ ಮಾಡುವುದು ಇವೇ. ಎಸ್‌ಜಿಪಿಟಿ ಮೇಲಿರುವ ಹದಿಹರೆಯದವರಲ್ಲಿ ಟ್ರೈಗ್ಲಿಸರೈಡ್, ಸೊಂಟದ ಸುತ್ತಳತೆ, ಬಿಪಿ ಕೂಡ ಮೇಲಿರುವುದನ್ನು ಹಲವು ದೇಶಗಳ ಅಧ್ಯಯನಗಳು ಕಂಡಿರುವುದು ಅದಕ್ಕೇ.

ಹಾಗಾದರೆ 38? ಅಮೆರಿಕದ ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಆರೋಗ್ಯವಂತ ಹುಡುಗರಿಗೆ ಸುಮಾರು 26, ಹುಡುಗಿಯರಿಗೆ 22 ಮೇಲ್ಮಿತಿ ಎಂದಿತು. 2017ರ ಮಕ್ಕಳ ಯಕೃತ್ ತಜ್ಞರ ಮಾರ್ಗಸೂಚಿಯೂ ಅದನ್ನೇ ಬಳಸುತ್ತದೆ. ಅಚ್ಚಾದ 40 ಬಂದಿರುವುದು ದೊಡ್ಡವರಿಂದ. ‘ಆರೋಗ್ಯವಂತರು’ ಎಂದು ಲೆಕ್ಕಕ್ಕೆ ಹಿಡಿದವರಲ್ಲಿ ಕೆಲವರಿಗೆ ಗೊತ್ತಿಲ್ಲದೇ ಫ್ಯಾಟಿ ಲಿವರ್ ಇದ್ದಿರಬಹುದು. ಆದ್ದರಿಂದ ಈ ಹುಡುಗನ 38 ಸುಮ್ಮನೆ ಬಿಡುವ ಅಂಕಿಯಲ್ಲ.

ಹಾಗೆಂದು ಗಾಬರಿಯೂ ಬೇಡ. ಡೆಂಗಿ ಜ್ವರ, ಕೆಲವು ಮಾತ್ರೆಗಳು, ಹಿಂದಿನ ದಿನ ಜೋರಾಗಿ ಆಡಿದ ಕಬಡ್ಡಿ ಕೂಡ ಇದನ್ನು ಏರಿಸುತ್ತವೆ. ಚೇತರಿಸಿಕೊಂಡ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು. ಇನ್ನೊಂದು ಮಾತು: ಅಂಕಿ ಕಡಿಮೆಯಿದ್ದರೂ ಯಕೃತ್ತಿನಲ್ಲಿ ಕೊಬ್ಬಿರಬಹುದು.

‘ನಮ್ಮ ಹುಡುಗ ಸಣ್ಣಗೇ ಇದ್ದಾನೆ’ ಎನ್ನುವ ಸಮಾಧಾನವೂ ಪೂರಾ ನೆಚ್ಚುವಂಥದ್ದಲ್ಲ. 2016–18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ದೇಶದ ಹದಿಹರೆಯದವರಲ್ಲಿ ಶೇ 5ರಷ್ಟು ಮಂದಿ ಮಾತ್ರ ಅಧಿಕ ತೂಕದವರು, ಆದರೆ ಸುಮಾರು ಶೇ 10 ಮಂದಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ಜೋಪಾನ ಮಾಡಿದ ಹೆರಿಗೆ ದಾಖಲೆಗಳು ಇನ್ನೂ ಹಿಂದಕ್ಕೆ ಕರೆದೊಯ್ಯುತ್ತವೆ. ಅಲ್ಲಿ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದಾಗ, ಎರಡೂವರೆ ಕೆ.ಜಿ.ಯೊಳಗೆ ಹುಟ್ಟಿದ್ದವರಲ್ಲಿ ಶೇ 11 ಮಂದಿಗೆ ಹೃದ್ರೋಗವಿತ್ತು. ದೊಡ್ಡ ತೂಕದಲ್ಲಿ ಹುಟ್ಟಿದವರಲ್ಲಿ ಶೇ 3. 1996ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಪ್ರಪಂಚವೇ ಗಮನಿಸಿತು. ಬಸುರಿಯ ಊಟವೂ ಈ ಲೆಕ್ಕದಲ್ಲಿ ಸೇರಿದೆ.

ಸಂತೋಷದ ಸಂಗತಿಯೆಂದರೆ, ಮೊದಲ ಹಂತದಲ್ಲಿ ಯಕೃತ್ತಿನ ಕೊಬ್ಬು ಕರಗುತ್ತದೆ. ಫ್ಯಾಟಿ ಲಿವರ್ ಇದ್ದ 11ರಿಂದ 16 ವರ್ಷದ ಹುಡುಗರಿಗೆ ಎಂಟು ವಾರ ಸಕ್ಕರೆ ಬೆರೆಸಿದ ತಿಂಡಿ, ಪಾನೀಯ ಬಹುತೇಕ ನಿಲ್ಲಿಸಿದಾಗ ಅದು ಶೇ 25ರಿಂದ 17ಕ್ಕೆ ಇಳಿದದ್ದು 2019ರಲ್ಲಿ ವರದಿಯಾಯಿತು. ಎಸ್‌ಜಿಪಿಟಿಯೂ ಇಳಿಯಿತು. ಮಾತ್ರೆ ಕೊಟ್ಟಿರಲಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮಗುವಿನ ಎತ್ತರದಷ್ಟು ದಾರ ಕತ್ತರಿಸಿ, ಎರಡಾಗಿ ಮಡಚಿ ಸೊಂಟಕ್ಕೆ ಸುತ್ತಿ. ತುದಿಗಳು ಕೂಡದಿದ್ದರೆ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ಬಳಿ ಮಾತಾಡಿ. ರಕ್ತ ಪರೀಕ್ಷೆ ಆಗಿದ್ದರೆ ಆ ಕಾಗದವನ್ನೂ ಕೊಂಡೊಯ್ಯಿರಿ. ಅಂಕಿಯನ್ನು ಮಗುವಿನ ವಯಸ್ಸಿಗೆ ಹೋಲಿಸಿ ನೋಡಿ ಎಂದು ಬಾಯಿಬಿಟ್ಟು ಕೇಳಿ.